ಗೆಳತಿಗೆ ಮಾತ್ರ ಹೇಳಿದ ಮಾತು

ನಮ್ಮ ಆಯಿಗೆ ಎಷ್ಟು ಹಾಡು ಬರುತ್ತಿದ್ದವು ಎಂದು ಎಣಿಸಿದವರಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತಳೆಂದರೆ ಜೋಳದ ಬುಟ್ಟಿ ಬರಿದಾಗುವವರೆಗೆ ತ್ರಿಪದಿಗಳು ಒಂದರ ಹಿಂದೊಂದು ಬರುತ್ತಿದ್ದವು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವುದು ನಿಂತಿತು, ಹಾಡು ನಿಲ್ಲಲಿಲ್ಲ. ಶೇಂಗಾ ಸುಲಿಯುವಾಗ, ಕೌದಿ ಹೊಲಿಯುವಾಗ, ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆಯುವಾಗ ಆಯಿ ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ಮನೆಯಲ್ಲಿ ಗಂಡಸರಿರಲಿ ಬಿಡಲಿ, ಹಾಡಿಗೆ ಅಡ್ಡಿಯಿರಲಿಲ್ಲ.

ಒಂದು ಹಾಡಿನ ಮಟ್ಟಿಗೆ ಮಾತ್ರ ಹಾಗಲ್ಲ. 'ಕೆರೆಗೆ ಹಾರ'ವನ್ನು ಆಯಿ ಗಂಡಸರು ಹೊಲಕ್ಕೆ ಹೋದ ಮೇಲೆಯೇ ಎತ್ತುತ್ತಿದ್ದಳು. ನಡುವೆ ತಲಬಾಗಿಲಲ್ಲಿ ಮುತ್ಯಾನ ಕೆಮ್ಮು ಕೇಳಿತೋ, ಹಾಡು ಎಲ್ಲಿತ್ತೋ ಅಲ್ಲಿಗೇ ನಿಲ್ಲುತ್ತಿತ್ತು. "ಕಣಕ ಗಟ್ಟಿ ಆಗೇದ, ಚೂರು ನೀರು ತಾ" ಎಂದು ಯಾರಿಗಾದರೂ ಹೇಳಿ ಮಾತು ಬದಲಿಸುತ್ತಿದ್ದಳು. ಹಾಡಿನಲ್ಲಿ ಸಾವು ಬರುತ್ತದಲ್ಲ, ಮನೆಯ ಯಜಮಾನನ ಕಿವಿಗೆ ಅಪಶಕುನ ಬೀಳಬಾರದು ಎಂದಿರಬೇಕು ಎಂದುಕೊಂಡಿದ್ದೆ. ಅದಲ್ಲದೆ ಬೇರೆ ಕಾರಣ ಇರಬಹುದೆಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾದವು.

ಈ ಕಥೆ ಗೊತ್ತಿಲ್ಲದ ಕನ್ನಡ ಹೆಣ್ಣುಮಕ್ಕಳು ಕಡಿಮೆ. ಆದರೂ ಒಮ್ಮೆ ಹೇಳಿಕೊಂಡು ಮುಂದೆ ಹೋಗುತ್ತೇನೆ, ಏಕೆಂದರೆ ನಾನು ಹೇಳಬೇಕೆಂದಿರುವುದು ಅದರ ಸಣ್ಣ ಸಣ್ಣ ತಿರುವುಗಳಲ್ಲಿಯೇ ಇದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಕೆರೆಯಲ್ಲಿ ಹನಿ ನೀರಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಮನೆಯ ಸೊಸೆಯನ್ನು ಕೆರೆಗೆ ಹಾರವಾಗಿ ಕೊಡಬೇಕೆಂದು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನೋಡುವವರಿಲ್ಲ. ಕಿರಿಯವಳು ಭಾಗೀರಥಿ, ಅವಳಾಗಲಿ ಎಂದು ಗೊತ್ತಾಗುತ್ತದೆ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಎಂದೂ ಇಲ್ಲದ್ದು ಇಂದೇಕೆ ಮೋರೆ ಬಾಡಿದೆ ಎಂದು ತಂದೆ ಕೇಳುತ್ತಾನೆ. ಅತ್ತೆಮಾವ ನಮ್ಮನ್ನು ಬೇರೆ ಹಾಕುತ್ತಾರಂತೆ ಎನ್ನುತ್ತಾಳೆ ಇವಳು. ಹಾಕಿದರೆ ಹಾಕಲಿ ಬಿಡು, ನಾನು ಹೊಲಮನೆ ಕೊಡುತ್ತೇನೆ ಎನ್ನುತ್ತಾನೆ ತಂದೆ. ತಾಯಿಯ ಹತ್ತಿರವೂ ಅದೇ ಮಾತು, ತಾಯಿ ಒಡವೆ ಕೊಡುತ್ತೇನೆ ಎನ್ನುತ್ತಾಳೆ. ಕೊನೆಗೆ ಗೆಳತಿಯ ಮನೆ. ಅಲ್ಲಿ ಮಾತ್ರ ಭಾಗೀರಥಿ ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ: ನನ್ನನ್ನು ಕೆರೆಗೆ ಕೊಡುತ್ತಾರಂತೆ. ಕೊಟ್ಟರೆ ಕೊಡಲಿ ಎನ್ನುವ ಅರ್ಥದ ಮಾತೇ ಗೆಳತಿಯ ಬಾಯಿಂದಲೂ ಬರುತ್ತದೆ.

ಭಾಗೀರಥಿ ಗಂಡನ ಮನೆಗೆ ಮರಳುತ್ತಾಳೆ. ಕಣ್ಣೀರು ಸುರಿಸುತ್ತಲೇ ಕೆಲಸಕ್ಕೆ ಕೈ ಹಚ್ಚುತ್ತಾಳೆ. ಎಲ್ಲರೂ ಸೇರಿ ಗಂಗೆಯ ಪೂಜೆಗೆಂದು ಕೆರೆಗೆ ಹೋಗಿ, ಪೂಜೆ ಮುಗಿಸಿ, ಉಂಡು ಹೊರಡುತ್ತಾರೆ. ಸ್ವಲ್ಪ ದೂರ ಬಂದ ಮೇಲೆ ಬಂಗಾರದ ಬಟ್ಟಲು ಮರೆತೆವು ಎನ್ನುತ್ತಾರೆ. ತರಲು ಹೋಗುವವಳು ಭಾಗೀರಥಿ. ಬಟ್ಟಲು ತೆಗೆದುಕೊಂಡು ಒಂದೊಂದು ಮೆಟ್ಟಿಲು ಏರುತ್ತ ಬಂದಂತೆ ನೀರೂ ಅವಳ ಬೆನ್ನಿಗೆ ಏರುತ್ತ ಬರುತ್ತದೆ. ಪಾದ, ಮೊಣಕಾಲು, ನಡು. ಐದನೆಯ ಮೆಟ್ಟಿಲಿಗೆ ಕೆರೆ ತುಂಬಿರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಏರಿ ಬರುತ್ತಾನೆ. ಹೆಂಡತಿ ಎಲ್ಲಿ ಎಂದರೆ ತವರಿಗೆ ಹೋದಳು ಎನ್ನುತ್ತಾರೆ ಮನೆಯವರು. ತವರಿನವರು ಗೆಳತಿಯ ಮನೆಗೆ ಹೋದಳೆನ್ನುತ್ತಾರೆ. ಗೆಳತಿ ನಿಜ ಹೇಳುತ್ತಾಳೆ. ಅವನು ಕೆರೆಯ ದಂಡೆಗೆ ಬಂದು ಅತ್ತು, ಅದೇ ನೀರಿಗೆ ಹಾರುತ್ತಾನೆ.

ನಾವು ಶಾಲೆಯಲ್ಲಿ ಇದನ್ನು ತ್ಯಾಗದ ಕಥೆಯೆಂದು ಕಲಿತೆವು. ಊರಿಗಾಗಿ ಜೀವ ಕೊಟ್ಟವಳು ಎಂದು ಮಾಸ್ತರರು ಗದ್ಗದಿತರಾಗಿ ಹೇಳುತ್ತಿದ್ದರು. ಗ್ಯಾದರಿಂಗಿನಲ್ಲಿ ಒಂದು ವರ್ಷ ಇದನ್ನೇ ಆಡಿಸಿದರು. ಇಬ್ಬರು ಹುಡುಗಿಯರು ನೀಲಿ ಸೀರೆಯ ಎರಡು ತುದಿ ಹಿಡಿದು ಅಲ್ಲಾಡಿಸಿ ಮೇಲೆತ್ತುತ್ತ ಹೋದರೆ ಅದೇ ಕೆರೆಯ ನೀರು. ಭಾಗೀರಥಿಯಾದವಳು ಕೈಮುಗಿದು ನಗುತ್ತ ಮುಳುಗಬೇಕು. ನಾನು ಹಾಡುವವರ ಸಾಲಿನಲ್ಲಿದ್ದೆ. ಜನ ಬಹಳ ಹೊತ್ತು ಚಪ್ಪಾಳೆ ಹೊಡೆದರು. ಮನೆಗೆ ಬಂದು ಆಯಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. "ನಕ್ಕೋತ ಮುಳುಗಿದಳ? ಹಂಗಂತ ಹಾಡಿನಾಗ ಎಲ್ಲಿ ಅದ?"

ನಿಜ. ಹಾಡಿನಲ್ಲಿ ಎಲ್ಲಿಯೂ ಇಲ್ಲ. ಊರಿಗಾಗಿ ಸಾಯುತ್ತೇನೆ ಎಂದು ಭಾಗೀರಥಿ ಒಂದು ಕಡೆಯೂ ಹೇಳುವುದಿಲ್ಲ. ಅವಳನ್ನು ಹೊಗಳುವ ಮಾತೂ ಇಲ್ಲ, ಅತ್ತೆಮಾವನನ್ನು ಬಯ್ಯುವ ಮಾತೂ ಇಲ್ಲ. ಯಾರು ಏನು ಕೇಳಿದರು, ಯಾರು ಏನು ಹೇಳಿದರು, ಅಷ್ಟೇ. ತ್ಯಾಗವೆಂಬ ಮಾತನ್ನು ಹಾಡಿಗೆ ಆಮೇಲೆ ಅಂಟಿಸಿದವರು ನಾವು, ಓದು ಕಲಿತವರು.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ನಮ್ಮ ಕಡೆಯ ಹಾಡುಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ. 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ ಹಾಡು, ಹಲಗಲಿಯ ಬೇಡರ ಹಾಡು ಮೊದಲಾದ ಲಾವಣಿಗಳನ್ನು ಅವನು ಪ್ರಕಟಿಸಿದ. ಅವು ಗಂಡಸರು ನಾಲ್ಕು ಜನರ ನಡುವೆ ನಿಂತು ಹಾಡುವ ಹಾಡುಗಳು. ಬಂಡು, ಕಾಳಗ, ಗಲ್ಲು ಇವೆಲ್ಲ ಅವುಗಳಲ್ಲಿ ಇದ್ದವು, ಹೀಗಾಗಿ ಸರಕಾರದ ಮನುಷ್ಯನಿಗೂ ಅವು ಇತಿಹಾಸವೆಂದು ಕಂಡವು. ಅಡುಗೆಮನೆಯ ಹಾಡು ಅಚ್ಚಾಗಲು ಇನ್ನೂ ಸುಮಾರು ಐವತ್ತು ವರ್ಷ ಬೇಕಾಯಿತು. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ ಮುಂತಾದ ಗೆಳೆಯರು ಕೂಡಿ 1931ರಲ್ಲಿ 'ಗರತಿಯ ಹಾಡು' ತಂದರು. ಅವರು ಅಂದು ಆ ಕೆಲಸ ಮಾಡದಿದ್ದರೆ ಗಿರಣಿಯ ಸದ್ದಿನಲ್ಲಿ ಎಷ್ಟು ಹಾಡು ಸತ್ತುಹೋಗುತ್ತಿದ್ದವೋ. ಆ ಉಪಕಾರ ಮರೆಯುವಂಥದಲ್ಲ. ಆದರೂ ಒಂದು ಮಾತು ಮನಸ್ಸಿಗೆ ಬರುತ್ತದೆ. ಹಾಡಿದವರಿಗೆ 'ಗರತಿ' ಎಂದು ಹೆಸರಿಟ್ಟವರು ಸಂಗ್ರಹ ಮಾಡಿದವರು. ಹಾಡಿದವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ನಮ್ಮ ಆಯಿಯಂತೂ ಬರೇ "ನಾವು ಹೆಣ್ಣಮಕ್ಕಳು" ಎನ್ನುತ್ತಿದ್ದಳು. ಗರತಿ ಎಂದು ಹೆಸರು ಬಿದ್ದ ಮೇಲೆ ಅವಳ ಹಾಡಿನಲ್ಲಿ ಸಿಟ್ಟು ಹುಡುಕುವವರು ಕಡಿಮೆಯಾದರು.

ಕೆರೆಗೆ ಮನುಷ್ಯರನ್ನು ಕೊಟ್ಟದ್ದು ಬರೀ ಕಥೆಯೇ? ಹಾಗೆ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಇಂದಿನ ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರಂತೆ. ಕಟ್ಟೆ ಎರಡು ಮೂರು ಸಲ ಒಡೆಯಿತು. ದೇವರು ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಕೇಳುತ್ತಿದ್ದಾನೆಂದು ಬಲ್ಲವರು ಹೇಳಿದರು. ರಾಜ ಅರವತ್ತು ಜನರ ತಲೆ ತೆಗೆಸಿದ ಎನ್ನುತ್ತಾನೆ ಪಾಯೆಸ್. ಸ್ವಲ್ಪ ಕಾಲದ ಮೇಲೆ ಬಂದ ನೂನಿಜನೂ ಇಂಥದೇ ಬಲಿಯ ಮಾತು ಬರೆದು, ತಲೆ ಕೊಟ್ಟವರು ಮರಣದಂಡನೆಗೆ ಅರ್ಹರಾದ ಕೈದಿಗಳು ಎನ್ನುತ್ತಾನೆ. ಅರಸನಿಗೆ ಸೆರೆಮನೆ ಇತ್ತು, ಅಲ್ಲಿಂದ ತಂದ. ಊರ ಗೌಡನಿಗೆ ಸೆರೆಮನೆ ಎಲ್ಲಿಯದು? ಅವನ ಕೈಯಲ್ಲಿದ್ದದ್ದು ಅವನ ಮನೆ.

ಹಾಗೆಂದು ನಮ್ಮ ಹಿರಿಯರಿಗೆ ಕೆರೆ ಕಟ್ಟುವ ಶಾಸ್ತ್ರ ತಿಳಿದಿರಲಿಲ್ಲವೆಂದಲ್ಲ. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಇದೆ, 1369ರದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಇರಬಾರದ ಆರು ದೋಷಗಳನ್ನೂ ಅದರಲ್ಲಿ ಕೊರೆದಿದ್ದಾರೆ. ನೆಲ ಗಟ್ಟಿಯಿರಬೇಕು, ದೂರದಿಂದ ಬರುವ ಸಿಹಿನೀರಿನ ಹೊಳೆ ಇರಬೇಕು, ಏರಿ ಕಲ್ಲಿನದಾಗಿ ಅಡಕವಾಗಿರಬೇಕು, ಏರಿಯಲ್ಲಿ ನೀರು ಜಿನುಗಬಾರದು, ಅಂಗಳದ ನಡುವೆ ದಿಬ್ಬ ಇರಬಾರದು, ಹರವು ದೊಡ್ಡದಾಗಿ ಬರುವ ನೀರು ಸಣ್ಣದಾಗಬಾರದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಹಿಡಿಯಿತೆಂದು ಲೆಕ್ಕವೂ ಇದೆ. ಹಂಪಿಯಲ್ಲಿ ಲಕ್ಷ್ಮೀಧರನೆಂಬ ಅಮಾತ್ಯನ ಶಾಸನವೊಂದು ಇದಕ್ಕಿಂತ ಹೆಚ್ಚು ಪ್ರಸಿದ್ಧ. ಮೊಲೆಯುಣಿಸುವಾಗ ಅವನ ತಾಯಿ ಕೆರೆ ಕಟ್ಟಿಸು, ಬಾವಿ ತೋಡಿಸು ಎಂಬ ಬುದ್ಧಿಯನ್ನು ಹಾಲಿನ ಜೊತೆಗೆ ಎರೆದಳಂತೆ. ಕೆರೆ ಒಬ್ಬ ಹೆಣ್ಣಿನ ಮಾತಿನಿಂದ ಹುಟ್ಟಿದ ಕಥೆ ಅದು. ಕೆರೆ ಒಬ್ಬ ಹೆಣ್ಣನ್ನು ನುಂಗಿದ ಕಥೆ ಇದು. ಮೊದಲನೆಯದನ್ನು ಕಲ್ಲಿನಲ್ಲಿ ಬರೆದರು.

ಮಲ್ಲನಗೌಡನ ಕೆರೆಗೆ ನೀರು ಏಕೆ ಬರಲಿಲ್ಲ? ಆ ಶಾಸನದ ದೋಷಗಳಲ್ಲಿ ಒಂದೆರಡು ಅಲ್ಲಿ ಇದ್ದಿರಬೇಕು, ಇಲ್ಲವೆ ಮಳೆಯೇ ಬಂದಿರಲಿಕ್ಕಿಲ್ಲ. ನಮ್ಮ ಕಡೆಯ ನೆಲ ಗೊತ್ತಿದ್ದವರಿಗೆ ಇದು ಹೊಸದಲ್ಲ. 1876–78ರ ಬರದಲ್ಲಿ ಈ ಸೀಮೆ ಎಷ್ಟು ಜನರನ್ನು ಕಳಕೊಂಡಿತೆಂಬುದನ್ನು ಗ್ಯಾಝೆಟಿಯರುಗಳನ್ನು ಓದಿದರೆ ಎದೆ ಒಡೆಯುತ್ತದೆ. ನೀರಿಗಾಗಿ ಏನನ್ನಾದರೂ ಕೊಟ್ಟೇನೆಂಬ ಸ್ಥಿತಿ ಇಲ್ಲಿ ಸುಳ್ಳಲ್ಲ. ನನಗೆ ಕಾಡುವುದು ಬೇರೆ. 'ಏನನ್ನಾದರೂ' ಎಂದು ಶುರುವಾದದ್ದು 'ಕಿರಿಯ ಸೊಸೆ' ಎಂಬಲ್ಲಿಗೆ ಎಷ್ಟು ಬೇಗ ಬಂದು ಮುಟ್ಟಿತು? ಕಟ್ಟಿಸಿದವನು ಗೌಡ, ಹೆಸರು ಅವನದು. ಆದರೆ ಅವನಲ್ಲ, ಅವನ ಹೆಂಡತಿಯಲ್ಲ, ಮಗನಲ್ಲ, ಮಗಳಲ್ಲ. ಹೊರಗಿನಿಂದ ಬಂದು ಒಳಗಿನವಳಾಗಿ ಇನ್ನೂ ಪೂರ್ತಿ ಒಳಗಾಗದವಳು. ಅದರಲ್ಲಿಯೂ ಗಂಡ ದಂಡಿಗೆ ಹೋಗಿ, ಪರ ನಿಂತು ಮಾತಾಡಲು ಮನೆಯಲ್ಲಿ ಯಾರೂ ಇಲ್ಲದವಳು. ಹೊತ್ತಿಗೆಯಲ್ಲಿ ಬಂತು ಎನ್ನುತ್ತಾರೆ. ಹೊತ್ತಿಗೆ ತೆಗೆದವರ ಕೈ ಎಂದಾದರೂ ತಪ್ಪಿ ಗೌಡನ ಹೆಸರಿನ ಮೇಲೆ ಬಿದ್ದದ್ದುಂಟೇ?

ಹಾಡಿನ ಹೆಸರುಗಳನ್ನು ನೋಡಿ. ಸೊಸೆ ಭಾಗೀರಥಿ, ಎಂದರೆ ಗಂಗೆ. ಗಂಡ ಮಾದೇವ, ಗಂಗೆಯನ್ನು ತಲೆಯಲ್ಲಿ ಹೊತ್ತವನು. ಮನೆಮಂದಿಯೆಲ್ಲ ಗಂಗೆಯ ಪೂಜೆಗೆಂದು ಹೋಗಿ ಗಂಗೆಯನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಹಾಡು ಕಟ್ಟಿದವಳು ಇದನ್ನು ತಿಳಿಯದೆ ಇಟ್ಟಳೆಂದು ನನಗೆ ಅನ್ನಿಸುವುದಿಲ್ಲ. 'ಹಾರ' ಎಂಬ ಮಾತೂ ಹಾಗೆಯೇ. ಕೇಳುವ ಕಿವಿಗೆ ಅದು ಕೊರಳಿನ ಮಾಲೆ, ಆಹಾರವೆಂಬ ಇನ್ನೊಂದು ಅರ್ಥವೂ ಅದರ ಹಿಂದೆಯೇ ಕೇಳುತ್ತದೆ. ಗಂಡಸರು ಕೇಳಿಸಿಕೊಂಡರೆ ಮಾಲೆ, ಹೆಂಗಸರು ಕೇಳಿಸಿಕೊಂಡರೆ ಊಟ. ಇದು ನನ್ನ ಕಿವಿಯ ಮಾತು, ಭಾಷಾಶಾಸ್ತ್ರ ಬಲ್ಲವರು ಒಪ್ಪದಿದ್ದರೆ ಬಿಡಲಿ.

ಇಂಥ ಹಾಡು ನಮ್ಮಲ್ಲಿ ಮಾತ್ರ ಇದೆಯೆಂದು ನಾನು ಬಹಳ ದಿನ ತಿಳಿದಿದ್ದೆ. ಆ್ಯಲನ್ ಡಂಡಿಸ್ ಎಂಬ ಅಮೆರಿಕದ ಜಾನಪದ ವಿದ್ವಾಂಸರು 1996ರಲ್ಲಿ ಗೋಡೆಯಲ್ಲಿ ಹೂತ ಹೆಂಡತಿಯ ಹಾಡುಗಳ ಬಗ್ಗೆಯೇ ಒಂದು ಪುಸ್ತಕ ಸಂಪಾದಿಸಿದ್ದಾರೆ. ಅದರ ವಿಷಯ ಓದಿದಾಗ ನನಗೆ ದಿಗಿಲೇ ಆಯಿತು. ಸೆರ್ಬಿಯಾದ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರು ಸ್ಕದರ್ ಎಂಬಲ್ಲಿ ಕೋಟೆ ಕಟ್ಟುತ್ತಾರೆ. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತದೆ. ನಾಳೆ ಯಾರ ಹೆಂಡತಿ ಬುತ್ತಿ ತರುತ್ತಾಳೋ ಅವಳನ್ನು ಗೋಡೆಯಲ್ಲಿ ಹೂಳಬೇಕು, ಹೆಂಡಿರಿಗೆ ಯಾರೂ ಹೇಳಬಾರದು ಎಂದು ಆಣೆಯಾಗುತ್ತದೆ. ಹಿರಿಯರಿಬ್ಬರೂ ತಮ್ಮ ಹೆಂಡಿರಿಗೆ ಗುಟ್ಟು ಹೇಳಿಬಿಡುತ್ತಾರೆ. ಮಾತಿಗೆ ತಪ್ಪದ ಕಿರಿಯವನ ಹೆಂಡತಿ ಬುತ್ತಿ ಹೊತ್ತು ಬರುತ್ತಾಳೆ. ತೊಟ್ಟಿಲಲ್ಲಿ ಕೂಸಿದೆ, ಹಾಲೂಡಲು ಗೋಡೆಯಲ್ಲಿ ಎದೆಯ ಮಟ್ಟಕ್ಕೆ ಕಿಂಡಿ ಬಿಡಿ ಎಂದು ಬೇಡುತ್ತಾಳೆ. ರುಮೇನಿಯಾದಲ್ಲಿ ಒಂದು ಮಠದ ಗೋಡೆಗೆ ಮೇಸ್ತ್ರಿ ಮನೋಲೆಯ ಹೆಂಡತಿ. ಮಳೆ ಗಾಳಿ ಕಳಿಸಿ ಅವಳನ್ನು ತಡೆ ಎಂದು ಅವನು ದೇವರನ್ನು ಬೇಡಿದರೂ ಆಕೆ ಗಂಡನ ಊಟ ಹೊತ್ತು ಮಳೆಯಲ್ಲಿ ತೊಯ್ದು ಬಂದೇ ಬರುತ್ತಾಳೆ.

ಗ್ರೀಸಿನ ಆರ್ತಾ ಎಂಬ ಊರಿನ ಸೇತುವೆಯ ಹಾಡಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಕುಳಿತೆ. ಅಲ್ಲಿಯ ಮೇಸ್ತ್ರಿ ತನ್ನ ಹೆಂಡತಿಗೆ, ಅಡಿಪಾಯದ ಗುಂಡಿಯಲ್ಲಿ ಉಂಗುರ ಬಿದ್ದಿದೆ, ಇಳಿದು ತೆಗೆದುಕೊಡು ಎಂದು ಹೇಳುತ್ತಾನೆ. ನಮ್ಮ ಬಂಗಾರದ ಬಟ್ಟಲು! ಅವಳು ಇಳಿಯುತ್ತಾಳೆ, ಮೇಲಿನಿಂದ ಕಲ್ಲು ಬೀಳುತ್ತದೆ. ಆದರೆ ಆಕೆ ಸುಮ್ಮನೆ ಸಾಯುವುದಿಲ್ಲ. ನಾನು ನಡುಗುವ ಹಾಗೆ ಈ ಸೇತುವೆಯೂ ನಡುಗಲಿ, ದಾಟುವವರು ಉದುರಲಿ ಎಂದು ಶಪಿಸುತ್ತಾಳೆ. ಪರದೇಶಕ್ಕೆ ಹೋದ ನಿನ್ನ ಅಣ್ಣ ಇದೇ ದಾರಿಯಲ್ಲಿ ಬಂದರೆ ಏನು ಗತಿ ಎಂದು ಯಾರೋ ನೆನಪಿಸುತ್ತಾರೆ. ಪಾಪ, ಶಾಪ ಹಿಂದೆ ತೆಗೆದುಕೊಳ್ಳುತ್ತಾಳೆ. ಅಲ್ಲಿಯೂ ತವರಿನ ನೆನಪೇ ಬಾಯಿ ಕಟ್ಟುವುದು.

ಬಾಲ್ಕನ್ ದೇಶದವರು ಈ ಹಾಡು ಮೊದಲು ತಮ್ಮದು ತಮ್ಮದು ಎಂದು ಬಹಳ ಕಾಲ ಜಗಳಾಡಿದ್ದಾರಂತೆ. ಹಿಂದುಸ್ತಾನದಲ್ಲಿ ಕೆರೆಗೂ ಬಾವಿಗೂ ಸೊಸೆಯನ್ನೋ ತಂಗಿಯನ್ನೋ ಕೊಟ್ಟ ಹಾಡುಗಳು ಇವೆ, ಅವುಗಳನ್ನು ನೋಡದೆ ಈ ಜಗಳಕ್ಕೆ ಅರ್ಥವಿಲ್ಲ ಎನ್ನುತ್ತಾರೆ ಡಂಡಿಸ್. ಅವರು ಹೇಳುವ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಈ ಹಾಡು ಒಂದು ಬಗೆಯಲ್ಲಿ ಮದುವೆಯ ಬಗ್ಗೆಯೇ ಇದೆ, ಮನೆಯೆಂಬ ಕಟ್ಟಡ ನಿಲ್ಲಲು ಒಬ್ಬಳನ್ನು ಒಳಗೆ ಹೂಳುವ ಬಗ್ಗೆ. ನಾನು ಎಂ.ಎ. ಓದಿದವಳಾದರೂ ಇದು ನನಗೆ ಪುಸ್ತಕದಿಂದ ತಿಳಿಯಬೇಕಾಯಿತು. ಶಾವಿಗೆ ಹೊಸೆಯುತ್ತಿದ್ದವರಿಗೆ ಯಾರೂ ವಿವರಿಸುವ ಅಗತ್ಯ ಇರಲಿಲ್ಲ.

ಆದರೆ ನಮ್ಮ ಹಾಡಿಗೂ ಅವುಗಳಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ಕದರಿನವಳಿಗೆ ಗೊತ್ತಿರಲಿಲ್ಲ. ಆರ್ತಾದವಳಿಗೆ ಗೊತ್ತಿರಲಿಲ್ಲ. ಮನೋಲೆಯ ಹೆಂಡತಿ ತನ್ನ ಸುತ್ತ ಗೋಡೆ ಏಳುವಾಗಲೂ ಗಂಡ ಆಟವಾಡಿಸುತ್ತಿದ್ದಾನೆ ಎಂದುಕೊಂಡಿದ್ದಳು. ಭಾಗೀರಥಿಗೆ ಗೊತ್ತಿತ್ತು. ಬಟ್ಟಲು ಮರೆತದ್ದು ಸುಳ್ಳೆಂದು ಕಳಿಸಿದವರಿಗೂ ಗೊತ್ತು, ಹೋಗುವವಳಿಗೂ ಗೊತ್ತು. ಹಾಗಿದ್ದೂ ಬಟ್ಟಲಿನ ನೆಪ ಬೇಕಾಗಿತ್ತು. ಸಾಯಿ ಎಂದು ಬಾಯಿಬಿಟ್ಟು ಹೇಳುವ ಸಂಕಟ ಹಿರಿಯರಿಗೆ ಬೇಡ, ಒಲ್ಲೆ ಎನ್ನುವ ಅವಕಾಶ ಸೊಸೆಗೆ ಬೇಡ. ಮನೆತನಗಳು ನಡೆಯುವುದು ಇಂಥ ಬಟ್ಟಲುಗಳ ಮೇಲೆಯೇ.

ಗೊತ್ತಿದ್ದವಳು ತಂದೆಗೆ ಏಕೆ ಹೇಳಲಿಲ್ಲ? ಇದೇ ನನಗೆ ಈ ಹಾಡಿನ ಎದೆ. 'ಬೇರೆ ಹಾಕುತ್ತಾರೆ' ಎಂಬುದು ತವರಿನಲ್ಲಿ ಆಡಲು ಬರುವ ದುಃಖ. ಅದಕ್ಕೆ ಪರಿಹಾರವಿದೆ, ಹೊಲ ಕೊಡಬಹುದು, ಒಡವೆ ಕೊಡಬಹುದು. ಅವಳು ಆ ಮಾತನ್ನು ಸುಳ್ಳೆಂದು ಹೇಳುವುದೂ ಇಲ್ಲ. ಎಲ್ಲರಿಂದ ಅವಳನ್ನು ಬೇರೆ ಮಾಡಿಯೇ ಕೊಡುವುದು ತಾನೆ? ತಂದೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ನಿಜ ಹೊರಗೆ ಬೀಳುತ್ತಿತ್ತೋ ಏನೋ. ಅವನು ಕೇಳಲಿಲ್ಲ, ಕೊಡುವುದನ್ನು ಹೇಳಿ ಸುಮ್ಮನಾದ. ತವರಿಗೆ ಬಂದ ಮಗಳು ತಂದೆಯ ಮುಂದೆ ಒಂದು ಹೇಳಿ, ಗೆಳತಿಯ ಮುಂದೆ ಇನ್ನೊಂದು ಹೇಳುವುದನ್ನು ನೀವು ಕಂಡಿಲ್ಲವೇ? ನಾನು ಕಂಡಿದ್ದೇನೆ.

ನನ್ನ ಜೊತೆ ಓದಿದವಳು, ಓಣಿಯ ಆಚೆ ತುದಿಯ ಮನೆಯವಳು. ಹೆಸರು ಬರೆಯುವುದಿಲ್ಲ. 1975ರಲ್ಲಿ ಅವಳ ಮದುವೆಯಾಯಿತು, ನಾನು ವಿಜಾಪುರದಲ್ಲಿ ಕಾಲೇಜಿಗೆ ಸೇರಿದೆ. ಮರುವರ್ಷ ಪಂಚಮಿಗೆ ಇಬ್ಬರೂ ಊರಿಗೆ ಬಂದಿದ್ದೆವು. ಬೇವಿನ ಮರಕ್ಕೆ ಅವಳ ತಮ್ಮ ಕಟ್ಟಿದ ಜೋಕಾಲಿಯ ಹತ್ತಿರ ಕುಳಿತು ಉಂಡಿ ತಿನ್ನುತ್ತಿದ್ದೆವು. ಬಹಳ ಸೊರಗಿದ್ದಳು. ಹೊಲದಾಗ ಕೆಲಸ ಬಾಳ ಎಂದು ಅವರ ಅಪ್ಪನಿಗೆ ಹೇಳಿದ್ದಳಂತೆ. ಅಪ್ಪ, ಹಿಂಗಾರಿ ಪೀಕು ಬಂದ ಮೇಲೆ ಒಂದು ಆಕಳು ಕೊಡಿಸುತ್ತೇನೆ ಅಂದಿದ್ದರು. ನನಗೆ ಅವಳು ಹೇಳಿದ್ದು ಬೇರೆ. ಹುಂಡಿಯ ರೊಕ್ಕ ಇನ್ನೂ ಬಾಕಿ ಇತ್ತು. "ಬಾವಿಗೆ ನೀರಿಗೆ ಹೋದಾಗೆಲ್ಲಾ, ಹಿಂದ ಯಾರರ ಬಂದು ನಿಂತಾರನ ಅಂತ ಹೊಳ್ಳಿ ಹೊಳ್ಳಿ ನೋಡತೇನಿ" ಎಂದಳು. ನಗುತ್ತಲೇ ಹೇಳಿದಳು.

ನಾನು ಏನೆಂದೆ? "ಹೊಸದರಾಗ ಹಂಗ ಅನಸ್ತದ. ಒಂದ ಕೂಸು ಆತಂದ್ರ ಎಲ್ಲಾ ಸರಿ ಹೋಗ್ತದ." ಹತ್ತೊಂಬತ್ತು ವರ್ಷದ, ಕಾಲೇಜು ಓದುವ ಹುಡುಗಿಯ ಬಾಯಿಗೆ ಈ ಮಾತು ಎಲ್ಲಿಂದ ಬಂತೋ. ಹಾಡಿನ ಗೆಳತಿಯ ಬಾಯಿಗೆ ಎಲ್ಲಿಂದ ಬಂದಿತ್ತೋ ಅಲ್ಲಿಂದಲೇ ಇರಬೇಕು.

1977ರ ಚಳಿಗಾಲದಲ್ಲಿ ಸುದ್ದಿ ಬಂತು. ನೀರು ಸೇದುವಾಗ ಕಾಲು ಜಾರಿತಂತೆ. ಪಂಚನಾಮೆಯಲ್ಲಿಯೂ ಅದೇ ಬರೆದರು. ಗಂಡನ ಮನೆಯವರ ಹಿಂಸೆಯನ್ನು ಅಪರಾಧವೆಂದು ಹೇಳುವ 498ಎ ಕಲಮು ದಂಡಸಂಹಿತೆಗೆ ಸೇರಿದ್ದು 1983ರಲ್ಲಿ. ಅಂದು ಇದ್ದಿದ್ದರೂ ಸಾಕ್ಷಿ ಯಾರು? ಅವಳು ಹೇಳಿಕೊಂಡದ್ದು ನನ್ನೊಬ್ಬಳ ಹತ್ತಿರ ಎಂದು ನಾನು ತಿಳಿದಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು, ಹೇಳಲಿಲ್ಲ. ಪರೀಕ್ಷೆ ಇತ್ತು, ನನ್ನ ಮದುವೆಯ ಮಾತು ನಡೆದಿತ್ತು, ಪೊಲೀಸು ಕೋರ್ಟು ಎಂದರೆ ಮನೆಯಲ್ಲಿ ಹೆದರುತ್ತಿದ್ದರು. ಕಾರಣಗಳಿಗೇನು, ಎಷ್ಟು ಬೇಕಾದರೂ ಸಿಗುತ್ತವೆ.

ಆ ಬೇಸಿಗೆಯಲ್ಲಿ ಎಂದಿನಂತೆ ನಮ್ಮ ಪಡಸಾಲೆಯಲ್ಲಿ ಶಾವಿಗೆ ನಡೆದಿತ್ತು. ಗಂಡಸರಿರಲಿಲ್ಲ. ಯಾರೂ ಕೇಳದೆ ಆಯಿ ತಾನಾಗಿ 'ಕೆರೆಗೆ ಹಾರ' ಎತ್ತಿದಳು. ಅವಳ ಹೆಸರನ್ನು ಯಾರೂ ಆಡಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು, ಹಾಡು ಯಾರದೆಂದು. ಒಂದಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾದೇವರಾಯ ಗೆಳತಿಯ ಬಾಗಿಲಿಗೆ ಬರುವಲ್ಲಿಗೆ ಆಯಿಯ ಉಸಿರು ಕಟ್ಟಿತು. ದಮ್ಮು ಇತ್ತು ಅವಳಿಗೆ. ನನ್ನ ಕಡೆ ನೋಡಿ, "ಮುಂದ ನೀ ಅನ್ನವಾ" ಎಂದಳು. ನನಗೆ ಹಾಡು ಪೂರ್ತಿ ಬರುತ್ತಿತ್ತು. ನೀರು ತರುತ್ತೇನೆಂದು ಎದ್ದು ಒಳಗೆ ಹೋದೆ.

ಅಂದಿನಿಂದ ನಾನು ಈ ಹಾಡನ್ನು ಬೇರೆ ರೀತಿ ಕೇಳಲು ಶುರುಮಾಡಿದೆ. ಭಾಗೀರಥಿಯ ಬಾಯಿಂದ ನಿಜ ಕೇಳಿದವ್ವಳು ಗೆಳತಿ ಒಬ್ಬಳು. ಮಾದೇವರಾಯನಿಗೆ ನಿಜ ಹೇಳಿದವಳೂ ಅವಳೇ. ಗೌಡನ ಮನೆಯವರು ಬಾಯಿಬಿಡುವವರಲ್ಲ, ತವರಿನವರಿಗೆ ಗೊತ್ತಿಲ್ಲ, ಗೊತ್ತಿದ್ದ ಇಬ್ಬರು ನೀರಿನಲ್ಲಿದ್ದಾರೆ. ಹಾಗಾದರೆ ಈ ಕಥೆ ಊರಿನ ಹೆಂಗಸರ ಬಾಯಿಗೆ ಬಂದದ್ದು ಹೇಗೆ? ಹಾಡನ್ನು ಮೊದಲು ಕಟ್ಟಿದವಳು ಗೆಳತಿಯೇ ಆಗಿರಬೇಕು. ಇತಿಹಾಸದವರು ಇದಕ್ಕೆ ಆಧಾರ ಕೇಳಿದರೆ ನನ್ನಲ್ಲಿಲ್ಲ, ಹಾಡಿನ ಒಳಗಿನ ಕಟ್ಟೇ ಆಧಾರ. ಕೊಟ್ಟರೆ ಕೊಡಲಿ ಎಂದು ಅಂದ ತನ್ನ ಮಾತನ್ನು ಕೂಡ ಆಕೆ ಮುಚ್ಚಿಡಲಿಲ್ಲ ನೋಡಿ. ಅದನ್ನು ಬಿಟ್ಟು ಕಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಕೇಳಿದರೆ ಇದು ಸೊಸೆಯ ತ್ಯಾಗದ ಹಾಡಲ್ಲ, ಸಾಕ್ಷಿ ನುಡಿಯುವವಳ ಹಾಡು. ಗಂಡಸರ ಕೆಮ್ಮು ಕೇಳಿದಾಗ ಆಯಿ ಏಕೆ ನಿಲ್ಲಿಸುತ್ತಿದ್ದಳೆಂಬುದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹೋದ ವರ್ಷ ಊರಿಗೆ ಹೋದಾಗ ಅವಳ ತಾಯಿಯನ್ನು ನೋಡಲು ಹೋದೆ. ಅವರಿಗೆ ಈಗ ತೊಂಬತ್ತರ ಹತ್ತಿರ. ಕಣ್ಣು ಮಂದ, ಕೈ ಚುರುಕು. ಬಾಗಿಲ ಬೆಳಕಿಗೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಬಹಳ ಹೊತ್ತು ಅದೂ ಇದೂ ಮಾತಾಡಿದೆ. ಕೊನೆಗೆ, "ದೊಡ್ಡವ್ವಾ, ಪಂಚಮಿಯಾಗ ಆಕಿ ನನಗ ಒಂದು ಮಾತು ಹೇಳಿದ್ಲು" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಅವರ ಕೈ ನಿಲ್ಲಲಿಲ್ಲ. ಹರಳು ಆರಿಸಿ ಒಂದು ಬದಿಗೆ ಹಾಕುತ್ತಿದ್ದರು. ಅಷ್ಟು ಹೊತ್ತಾದ ಮೇಲೆ ಕೇಳಿದರು:

"ಮತ್ತೇನರ ಅಂದಿದ್ಲೇನು?"

"ತಮ್ಮ ಜೋಕಾಲಿ ಗಿಡ್ಡ ಕಟ್ಟ್ಯಾನ, ಬರೋ ಪಂಚಮಿಗೆ ಮ್ಯಾಲಿನ ಟೊಂಗಿಗೆ ಕಟ್ಟಸಬೇಕು ಅಂದಿದ್ಲು" ಎಂದೆ.

"ಹಂಗಂದ್ಲಾ?" ಎಂದರು. ಮೊರವನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳು ಎಂದರು. ಹೇಳಿದೆ.